ಸಣ್ಣ ಗ್ಯಾಸ್ ಟರ್ಬೈನಿನಲ್ಲಿ ಸಡಿಲಾಗುವ ಬೋಲ್ಟು, ಸಮನಾಗಿ ಹರಿಯದ ಇಂಧನ

ಅಂತರಸನಹಳ್ಳಿ ವರ್ಕ್‌ಶಾಪ್, ತುಮಕೂರು:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ, ಒಂದು ಆರ್ಗಾನ್ ವೆಲ್ಡಿಂಗ್ ಸೆಟ್ಟು ಇಟ್ಟುಕೊಂಡು ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲೆ ನಮ್ಮ ಸುತ್ತಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗ್ಯಾಸ್ ಟರ್ಬೈನಿನ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚಾಗಿವೆ. ನಾಲ್ವರು ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು, ಟರ್ಬೋಚಾರ್ಜರಿನಿಂದ ತೆಗೆದ 66 ಮಿಲಿಮೀಟರ್ ವ್ಯಾಸದ ಕಂಪ್ರೆಸರ್ ಚಕ್ರವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ನಾವು ಐವರೂ ಸೇರಿ ಏಳು ತಿಂಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಸಣ್ಣ ಟರ್ಬೈನೊಂದನ್ನು ಕಟ್ಟಿದೆವು.

ಮೊದಲ ಎರಡು ಓಟಗಳು ಚೆನ್ನಾಗಿಯೇ ನಡೆದವು. ಮೂರನೆಯ ಓಟದಲ್ಲಿ, ಸುಮಾರು ಎಂಟು ನಿಮಿಷವಾದ ಮೇಲೆ, ಹಿಂದಿನ ನಳಿಕೆಯ ಬಾಯಿಯಲ್ಲಿ ಗಡಿಯಾರದ ಐದರ ಅಂಕೆ ಇರಬೇಕಾದ ಜಾಗ ಮಾತ್ರ ಕೆಂಪಗೆ ಕಾಯ್ದಿತು. ಉಳಿದ ಸುತ್ತೆಲ್ಲ ಕಪ್ಪಾಗಿಯೇ ಇತ್ತು. ಕೂಡಲೇ ಇಂಧನ ನಿಲ್ಲಿಸಿ, ತಣ್ಣಗಾದ ಮೇಲೆ ಬಿಚ್ಚಿದೆವು. ಹಿಂದಿನ ಫ್ಲೇಂಜಿನ, ಅಂದರೆ ಎರಡು ಭಾಗಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚುಪಟ್ಟಿಯ, ಹತ್ತು ಬೋಲ್ಟುಗಳಲ್ಲಿ ಆರು ಬೆರಳಿಗೇ ತಿರುಗುವಷ್ಟು ಸಡಿಲವಾಗಿದ್ದವು. ಮುಂಭಾಗದಲ್ಲಿ, ಇಂಧನವನ್ನು ಸುತ್ತಲೂ ಹಂಚುವ ಕೊಳವೆಯ ಉಂಗುರವನ್ನು ಹಿಡಿದಿದ್ದ ಎರಡು ನಟ್ಟುಗಳಾದರೋ ಕಚ್ಚಿಕೊಂಡು ಬಿಟ್ಟಿದ್ದವು. ಒಂದನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಉಂಗುರಕ್ಕೆ ಬೆಳ್ಳಿ ಬೆಸುಗೆ ಹಾಕಿ ಕೂರಿಸಿದ್ದ ಹನ್ನೆರಡು ಸೂಜಿ ಕೊಳವೆಗಳಲ್ಲಿ ಒಂದರ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು.

ವಿವರಗಳು ಹೀಗಿವೆ. ಹೊರಕವಚ, ಒಳಗಿನ ದಹನಕೋಶ ಮತ್ತು ಫ್ಲೇಂಜುಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಹಿಂದಿನ ಫ್ಲೇಂಜಿನ ಒಟ್ಟು ದಪ್ಪ 20 ಮಿಲಿಮೀಟರ್, ಬೋಲ್ಟುಗಳು 8.8 ದರ್ಜೆಯ ನಾಲ್ಕು ಮಿಲಿಮೀಟರಿನವು, ತಿರುಚುವ ಬಲವನ್ನು (ಟಾರ್ಕ್) ಅಳೆಯುವ ಟಾರ್ಕ್ ರೆಂಚಿನಿಂದ 3 ನ್ಯೂಟನ್ ಮೀಟರ್ ಬಿಗಿದದ್ದು. ಸೂಜಿಗಳ ಒಳವ್ಯಾಸ 0.6, ಉದ್ದ 30 ಮಿಲಿಮೀಟರ್. ಉಂಗುರವನ್ನು ದಹನಕೋಶಕ್ಕೆ ಸ್ಟೇನ್‌ಲೆಸ್ ಸ್ಕ್ರೂಗಳಿಂದ ಬಿಗಿದು, ಅದಕ್ಕೆ ಇಂಧನ ತರುವ ಕೊಳವೆಯನ್ನು ಹೊರಕವಚಕ್ಕೆ ನೇರವಾಗಿ ಬಿಗಿದಿದ್ದೇವೆ. ಅಳೆದು ಬಿಗಿದ ಬೋಲ್ಟು ಸಡಿಲವಾದದ್ದೇಕೆ? ಹನ್ನೆರಡು ಸೂಜಿಗಳಿಗೂ ಇಂಧನ ಸಮನಾಗಿ ಹರಿಯುವಂತೆ ಮಾಡುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿಯೇ ಬರೆಯಿರಿ.

ಗುಬ್ಬಿಯ ನಿವೃತ್ತ ಫಿಟ್ಟರ್:

ನಮಸ್ಕಾರ. ನಾನು ಬೆಂಗಳೂರಿನಲ್ಲಿ ವಿಮಾನ ಎಂಜಿನ್‌ಗಳ ಜೋಡಣೆಯ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ಗುಬ್ಬಿಯಲ್ಲಿ ನೆಲೆಸಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವು ಕೊಟ್ಟ ಅಂಕಿಗಳಲ್ಲಿಯೇ ಇದೆ.

ಬೋಲ್ಟನ್ನು ಗೂಟವೆಂದು ಭಾವಿಸಬೇಡಿ. ಅದು ಬಹಳ ಗಟ್ಟಿಯಾದ ಸ್ಪ್ರಿಂಗು. ನಟ್ಟನ್ನು ತಿರುಗಿಸುವಾಗ ನಾವು ಮಾಡುವ ನಿಜವಾದ ಕೆಲಸ ಆ ಸ್ಪ್ರಿಂಗನ್ನು ಸ್ವಲ್ಪ ಹಿಗ್ಗಿಸುವುದು, ಮತ್ತು ಆ ಹಿಗ್ಗಿನಿಂದ ಹುಟ್ಟುವ ಎಳೆತವೇ ಫ್ಲೇಂಜುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. 8.8 ದರ್ಜೆಯ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವ ಮಿತಿ 640 ಮೆಗಾಪ್ಯಾಸ್ಕಲ್. 20 ಮಿಲಿಮೀಟರ್ ಉದ್ದದ ಬೋಲ್ಟು ಆ ಮಿತಿಯನ್ನು ಮುಟ್ಟುವಷ್ಟರಲ್ಲಿ ಸುಮಾರು 0.062 ಮಿಲಿಮೀಟರ್ ಹಿಗ್ಗಿರುತ್ತದೆ. ನೀವು ಕೊಟ್ಟ 3 ನ್ಯೂಟನ್ ಮೀಟರ್ ಅದನ್ನು ಹೆಚ್ಚು ಕಡಿಮೆ ಮಿತಿಯ ಶೇಕಡ 70ರವರೆಗೆ, ಅಂದರೆ 0.044 ಮಿಲಿಮೀಟರಿನವರೆಗೆ ಎಳೆದಿದೆ. ತಣ್ಣಗಿರುವಾಗ ಇದು ಸರಿಯಾದ ಬಿಗಿಯೇ.

ಈಗ ಎಂಜಿನ್ ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 17 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಬೆಳೆದರೆ, ನಿಮ್ಮ ಬೋಲ್ಟಿನ ಸಾದಾ ಉಕ್ಕು 12 ಮೈಕ್ರಾನ್ ಮಾತ್ರ ಬೆಳೆಯುತ್ತದೆ. ತಾಪ 400 ಡಿಗ್ರಿ ಏರಿತೆಂದರೆ ಫ್ಲೇಂಜು 0.136 ಮಿಲಿಮೀಟರ್ ದಪ್ಪವಾಗುತ್ತದೆ, ಬೋಲ್ಟು 0.096 ಉದ್ದವಾಗುತ್ತದೆ. ನಡುವಿನ 0.04 ಮಿಲಿಮೀಟರನ್ನು ಬೋಲ್ಟೇ ಹಿಗ್ಗಿ ತುಂಬಿಕೊಡಬೇಕು. ಮೊದಲಿನ 0.044ಕ್ಕೆ ಇದನ್ನು ಸೇರಿಸಿದರೆ 0.084 ಆಗುತ್ತದೆ. ಫ್ಲೇಂಜು ಸ್ವಲ್ಪ ಅದುಮಿಕೊಳ್ಳುತ್ತದೆ ಎಂದು ಕೊಂಚ ಕಳೆದರೂ ಮಿತಿ ದಾಟಿತು. ಅದರ ಮೇಲೆ ಆ ಬಿಸಿಯಲ್ಲಿ ಉಕ್ಕಿನ ಬಲವೂ ಕುಗ್ಗಿರುತ್ತದೆ. ಹೀಗಾಗಿ ಬೋಲ್ಟು ಬಿಸಿಯಲ್ಲಿ ಶಾಶ್ವತವಾಗಿ ಉದ್ದವಾಯಿತು, ತಣ್ಣಗಾದ ಮೇಲೆ ಫ್ಲೇಂಜು ತನ್ನ ಹಳೆಯ ದಪ್ಪಕ್ಕೆ ಮರಳಿತು, ಬಿಗಿ ಉಳಿಯಲಿಲ್ಲ. ನಟ್ಟು ಒಂದು ಸುತ್ತೂ ತಿರುಗದೆಯೇ ಜೋಡಣೆ ಸಡಿಲವಾಗಬಹುದು ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕಣ್ಣಾರೆ ನೋಡಿದ್ದಾರೆ. ಅನುಮಾನವಿದ್ದರೆ ಸಡಿಲಾದ ಬೋಲ್ಟನ್ನು ಹೊಸದರ ಪಕ್ಕದಲ್ಲಿಟ್ಟು ಮೈಕ್ರೊಮೀಟರಿನಲ್ಲಿ ಉದ್ದ ಅಳೆಯಿರಿ.

ಟಾರ್ಕ್ ರೆಂಚಿನ ಬಗ್ಗೆಯೂ ಒಂದು ಮಾತು. ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಅರ್ಧ ಭಾಗ ನಟ್ಟಿನ ತಳದ ಘರ್ಷಣೆಗೆ, ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತರಷ್ಟು ಮಾತ್ರ. ಆದ್ದರಿಂದ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಕೊಟ್ಟರೆ ಬೋಲ್ಟು ಬಹಳ ಹೆಚ್ಚು ಎಳೆಯಲ್ಪಡುತ್ತದೆ. ದೊಡ್ಡ ಎಂಜಿನ್‌ಗಳ ಮುಖ್ಯ ಜೋಡಣೆಗಳಲ್ಲಿ ಬೋಲ್ಟಿನ ಹಿಗ್ಗನ್ನೇ ನೇರವಾಗಿ ಅಳೆಯುವ ಪದ್ಧತಿ ಬಂದಿರುವುದು ಇದಕ್ಕಾಗಿಯೇ.

ಪರಿಹಾರ ಎರಡು ಬಗೆಯದು. ಫ್ಲೇಂಜಿನಷ್ಟೇ ಬೆಳೆಯುವ ಲೋಹದ ಬೋಲ್ಟು ಹಾಕುವುದು ಮೊದಲನೆಯದು. ವಿಮಾನ ಎಂಜಿನ್‌ಗಳಲ್ಲಿ ಈ ಜಾಗಕ್ಕೆ ಎ-286 ಎಂಬ ಮಿಶ್ರಲೋಹವನ್ನು, ಇನ್ನೂ ಬಲ ಬೇಕಾದಲ್ಲಿ ಸುಮಾರು 650 ಡಿಗ್ರಿಯವರೆಗೆ ತಾಳುವ ಇಂಕೊನೆಲ್ 718 ಅನ್ನು, ಅದಕ್ಕೂ ಮೇಲಿನ ಬಿಸಿಗೆ ವ್ಯಾಸ್‌ಪಲಾಯ್ ಅನ್ನು ಬಳಸುತ್ತಾರೆ. ನಿಮಗೆ ಎ-286 ಸಿಗುವುದಾದರೆ ಅದೇ ಸೂಕ್ತ. ಅದರ ಹಿಗ್ಗು 304ಕ್ಕೆ ಬಹಳ ಹತ್ತಿರ. ಎರಡನೆಯದು, ಬೋಲ್ಟನ್ನು ಉದ್ದ ಮಾಡಿ, ಅದರ ತಲೆಯ ಕೆಳಗೆ ಕೊಳವೆಯಂಥ ಸ್ಪೇಸರನ್ನು ಸೇರಿಸುವುದು. ಬೋಲ್ಟು ಉದ್ದವಾದಷ್ಟೂ ಅದೇ ಎಳೆತಕ್ಕೆ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ನಾಲ್ಕು ಮೈಕ್ರಾನಿನ ಏರುಪೇರಿಗೆಲ್ಲ ಬಿಗಿಯನ್ನು ಕಳೆದುಕೊಳ್ಳುವುದಿಲ್ಲ. ಸ್ಪೇಸರನ್ನು ಮಾತ್ರ ಬೋಲ್ಟಿನ ಲೋಹದಲ್ಲಿಯೇ ಮಾಡಿ. ಸ್ಟೇನ್‌ಲೆಸ್ಸಿನಲ್ಲಿ ಮಾಡಿದರೆ ಹಿಗ್ಗಿನ ವ್ಯತ್ಯಾಸವೂ ಉದ್ದದ ಜೊತೆಗೇ ಬೆಳೆದು ಲಾಭವೆಲ್ಲ ಹೋಗುತ್ತದೆ.

ಗೌರಿಬಿದನೂರು ವಿದ್ಯಾರ್ಥಿನಿ:

ಸರ್, ನಾನು ಮೆಕ್ಯಾನಿಕಲ್ ಆರನೆಯ ಸೆಮಿಸ್ಟರಿನಲ್ಲಿದ್ದೇನೆ. ಬಿಸಿಯಿಂದ ಸಡಿಲವಾಗುತ್ತದೆ ಎಂದಾದರೆ ಥ್ರೆಡ್ಡಿಗೆ ಅಂಟು ಹಾಕಬಹುದಲ್ಲವೇ? ಇಲ್ಲವೇ ನೈಲಾನ್ ನಟ್ಟು, ಲಾಕ್ ವೈರ್ ಇವುಗಳಲ್ಲಿ ಯಾವುದಾದರೂ ಸಾಕಾಗುವುದಿಲ್ಲವೇ? ವಿಮಾನದ ಎಂಜಿನ್ ಚಿತ್ರಗಳಲ್ಲಿ ಎಲ್ಲೆಲ್ಲೂ ತಂತಿ ಹೆಣೆದಿರುವುದು ಕಾಣುತ್ತದೆ.

ಕೆಜಿಎಫ್ ರಾಬರ್ಟ್‌ಸನ್‌ಪೇಟೆ:

ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಬಿಗಿಯನ್ನು ಉಳಿಸುವ ಉಪಾಯ ಬೇರೆ, ನಟ್ಟು ಕಳಚಿ ಬೀಳದಂತೆ ತಡೆಯುವ ಉಪಾಯ ಬೇರೆ. ಲಾಕ್ ವೈರ್ ಎರಡನೆಯ ಸಾಲಿಗೆ ಸೇರಿದ್ದು. ಜೋಡಣೆ ಆಗಲೇ ಬಿಗಿ ಕಳೆದುಕೊಂಡಿದ್ದರೂ ಬೋಲ್ಟು ಪೂರ್ತಿ ತಿರುಗಿ ಹೊರಗೆ ಬಂದು ಕಂಪ್ರೆಸರಿನೊಳಗೆ ಹೋಗದಂತೆ ತಂತಿ ಹಿಡಿಯುತ್ತದೆ, ಅಷ್ಟೇ. ತುಮಕೂರಿನವರ ಹಿಂದಿನ ಫ್ಲೇಂಜಿಗೆ ತಂತಿ ಹೆಣೆದಿದ್ದರೆ ಆರು ಬೋಲ್ಟುಗಳೂ ತಂತಿಯೊಳಗೇ ಸಡಿಲವಾಗಿ ಕುಳಿತಿರುತ್ತಿದ್ದವು.

ನೈಲಾನ್ ನಟ್ಟು ಸುಮಾರು 120 ಡಿಗ್ರಿಯವರೆಗೆ, ಮಾಮೂಲಿ ಥ್ರೆಡ್ ಅಂಟು ಸುಮಾರು 150 ಡಿಗ್ರಿಯವರೆಗೆ ಮಾತ್ರ. ಕಂಪ್ರೆಸರಿನ ಮುಂದಿನ ತಣ್ಣನೆಯ ಭಾಗದಲ್ಲಿ ಅವುಗಳಿಗೆ ಕೆಲಸವಿದೆ. ದಹನಕೋಶದ ಹಿಂದೆ ಇಲ್ಲ. ಬಿಸಿಯ ಕಡೆ ಬಳಸುವುದು ಬಾಯಿಯನ್ನು ಸ್ವಲ್ಪ ಅಂಡಾಕಾರಕ್ಕೆ ಒತ್ತಿದ, ಪೂರ್ತಿ ಲೋಹದ ಸ್ವಯಂ ಹಿಡಿತದ ನಟ್ಟುಗಳನ್ನು. ಅಂಥ ನಟ್ಟನ್ನು ಮತ್ತೆ ಹಾಕುವ ಮುನ್ನ ಕೈಬೆರಳಿನಿಂದ ತಿರುಗಿಸಿ ನೋಡಬೇಕು. ಬೆರಳಿಗೇ ಕೊನೆಯವರೆಗೆ ಓಡಿದರೆ ಅದರ ಹಿಡಿತ ಮುಗಿದಿದೆ, ಬಿಸಾಡಬೇಕು.

ತಂತಿ ಹೆಣೆಯುವುದನ್ನು ನೀವೆಲ್ಲ ಒಮ್ಮೆ ಕೈಯಾರೆ ಕಲಿಯಬೇಕು. ಸಾಮಾನ್ಯವಾಗಿ 0.8 ಮಿಲಿಮೀಟರಿನ ಸ್ಟೇನ್‌ಲೆಸ್ ತಂತಿ, ಇಂಚಿಗೆ ಆರರಿಂದ ಎಂಟು ಸುತ್ತು. ಮೊದಲ ಬೋಲ್ಟಿನ ತಲೆಯ ರಂಧ್ರದಲ್ಲಿ ತಂತಿ ತೂರಿಸಿ, ಒಂದು ಎಳೆಯನ್ನು ತಲೆಯ ಸುತ್ತ ತಂದು, ಎರಡನ್ನೂ ಸೇರಿಸಿ ಹುರಿ ಮಾಡುತ್ತ ಎರಡನೆಯ ಬೋಲ್ಟಿನ ರಂಧ್ರಕ್ಕೆ ಸರಿಯಾಗಿ ತಲುಪುವಷ್ಟು ಮಾತ್ರ ಹೆಣೆಯಬೇಕು. ತಂತಿಯ ಎಳೆತ ಎರಡು ಬೋಲ್ಟುಗಳನ್ನೂ ಬಿಗಿಯಾಗುವ ದಿಕ್ಕಿಗೇ ಎಳೆಯುತ್ತಿರಬೇಕು. ಹೊಸಬರು ಎಂಟಕ್ಕೆ ನಾಲ್ಕು ಸಲ ಇದನ್ನೇ ತಿರುಗುಮುರುಗು ಮಾಡುತ್ತಾರೆ, ನೋಡಲು ಮಾತ್ರ ಹೆಣಿಗೆ ಅಂದವಾಗಿಯೇ ಇರುತ್ತದೆ. ಇಕ್ಕಳದ ಹಲ್ಲು ತಂತಿಯನ್ನು ಕಚ್ಚಿ ಗಾಯ ಮಾಡಿದ್ದರೆ ಬಿಚ್ಚಿ ಹೊಸ ತಂತಿ ಹಾಕಬೇಕು. ನಡುಕಕ್ಕೆ ಅದೇ ಗಾಯದಲ್ಲಿ ತುಂಡಾಗುತ್ತದೆ.

ಮುಂಭಾಗದಲ್ಲಿ ನಟ್ಟು ಕಚ್ಚಿಕೊಂಡದ್ದಕ್ಕೆ ಕಾರಣ ಸ್ಟೇನ್‌ಲೆಸ್ಸಿನ ಮೇಲೆ ಸ್ಟೇನ್‌ಲೆಸ್ ಒಣಗಿಯೇ ಉಜ್ಜಿದ್ದು. ಮೇಲಿನ ತೆಳು ಪದರ ಹರಿದು ಲೋಹಕ್ಕೆ ಲೋಹವೇ ಅಂಟಿಕೊಳ್ಳುತ್ತದೆ. ವಿಮಾನ ಎಂಜಿನ್‌ಗಳ ಬಿಸಿ ಭಾಗದ ನಟ್ಟುಗಳಿಗೆ ಬೆಳ್ಳಿಯ ಲೇಪ ಕೊಡುವುದು ಇದನ್ನು ತಪ್ಪಿಸಲಿಕ್ಕೆ; ಮೆದುವಾದ ಬೆಳ್ಳಿ ಎಣ್ಣೆಯ ಕೆಲಸ ಮಾಡುತ್ತದೆ. ಆದರೆ ಎಲ್ಲ ಕಡೆಗೂ ಬೆಳ್ಳಿ ಒಗ್ಗುವುದಿಲ್ಲ. ಬಿಸಿಯಾದ ಟೈಟಾನಿಯಮ್ ಭಾಗಗಳಿಗೆ ಬೆಳ್ಳಿ ತಾಗಿ, ಅಲ್ಲಿ ಕ್ಲೋರಿನ್ ಅಂಶವೂ ಸೇರಿದರೆ ಬಿರುಕು ಬರುತ್ತದೆ. ಕ್ಯಾಡ್ಮಿಯಮ್ ಲೇಪವೂ ಟೈಟಾನಿಯಮ್ಮನ್ನು ಪೆಡಸು ಮಾಡುತ್ತದೆ. ನಿಮ್ಮ ಸಣ್ಣ ಎಂಜಿನ್ನಿಗೆ ನಿಕ್ಕಲ್ ಪುಡಿ ಬೆರೆಸಿದ ಬಿಸಿ ತಾಳುವ ಗ್ರೀಸ್ ಸಾಕು. ಹಚ್ಚಿದ ಮೇಲೆ ಟಾರ್ಕನ್ನು ಇಳಿಸಲು ಮರೆಯಬೇಡಿ, ಗುಬ್ಬಿಯವರು ಘರ್ಷಣೆಯ ಬಗ್ಗೆ ಹೇಳಿದ್ದು ಇಲ್ಲಿಗೇ ಅನ್ವಯಿಸುತ್ತದೆ.

ಸಿರಾ ಗೇಟ್ ಇಂಧನ ಎಂಜಿನಿಯರ್, ತುಮಕೂರು:

ಬೋಲ್ಟಿನ ವಿಷಯ ಮೇಲಿನ ಇಬ್ಬರೂ ಚೆನ್ನಾಗಿ ಬಿಡಿಸಿದ್ದಾರೆ. ನಾನು ವಿದ್ಯುತ್ ಉತ್ಪಾದನೆಯ ಟರ್ಬೈನ್‌ಗಳ ಇಂಧನ ವ್ಯವಸ್ಥೆಯಲ್ಲಿ ಕೆಲಸ ಮಾಡುವವಳು. ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ.

ಗ್ಯಾಸ್ ಟರ್ಬೈನಿನ ಚರಿತ್ರೆಯಲ್ಲಿ ಇಂಧನವೇ ಮೊದಲ ತೊಡಕು. ಫ್ರಾಂಕ್ ವ್ಹಿಟ್ಲ್ ಅವರ ಮೊದಲ ಎಂಜಿನ್ 1937ರ ಏಪ್ರಿಲ್ 12ರಂದು ಓಡಿದಾಗ, ಇಂಧನದ ಕವಾಟ ಮುಚ್ಚಿದರೂ ವೇಗ ಏರುತ್ತಲೇ ಹೋಯಿತು. ಸೋರಿದ ಇಂಧನ ಒಳಗೆ ಮಡುಗಟ್ಟಿ ನಿಂತು ಉರಿಯುತ್ತಿತ್ತು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್ ದ್ರವ ಇಂಧನದ ತೊಡಕನ್ನು ಬದಿಗಿಟ್ಟು ಮೊದಲ ಪ್ರಯೋಗವನ್ನು ಹೈಡ್ರೋಜನ್ನಿನಿಂದ ನಡೆಸಿದರು. ವ್ಹಿಟ್ಲ್ ಅವರು ಇಂಧನವನ್ನು ಕಾಯಿಸಿ ಆವಿ ಮಾಡುವ ಕೊಳವೆಗಳೊಡನೆ ಮೂರು ವರ್ಷ ಹೆಣಗಿದ ಮೇಲೆ, 1940ರಲ್ಲಿ ಶೆಲ್ ಕಂಪನಿಯ ಐಸಾಕ್ ಲಬ್ಬಕ್ ಅವರ ತುಂತುರು ನಾಜಲ್ ಬಂದು ದಹನ ಸ್ಥಿರವಾಯಿತು. ನಿಮ್ಮಂಥ ಸಣ್ಣ ಎಂಜಿನ್‌ಗಳು ಈಗಲೂ ಆವಿ ಕೊಳವೆಗಳನ್ನೇ ನೆಚ್ಚಿಕೊಂಡಿವೆ, ಏಕೆಂದರೆ ತುಂತುರು ನಾಜಲಿಗೆ ಬೇಕಾದ ಒತ್ತಡವನ್ನು ಸಣ್ಣ ಪಂಪು ಕೊಡಲಾರದು.

ತುಂತುರು ನಾಜಲಿನಲ್ಲಿ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಹರಿವು ಹತ್ತು ಪಟ್ಟಾಗಬೇಕಾದರೆ ಒತ್ತಡ ನೂರು ಪಟ್ಟಾಗಬೇಕು. ದೊಡ್ಡ ಎಂಜಿನ್‌ಗಳಲ್ಲಿ ಒಂದು ಸಣ್ಣ ಬಾಯಿ, ಒಂದು ದೊಡ್ಡ ಬಾಯಿ ಇರುವ ಜೋಡಿ ನಾಜಲ್‌ಗಳನ್ನು ಮಾಡಿ, ಪ್ರಾರಂಭದಲ್ಲಿ ಸಣ್ಣದನ್ನು ಮಾತ್ರ ತೆರೆಯುವುದು ಈ ಕಾರಣಕ್ಕೆ. ನಿಮ್ಮ ಸೂಜಿಗಳ ನಿಯಮ ಬೇರೆ. 66 ಮಿಲಿಮೀಟರ್ ಚಕ್ರದ ಎಂಜಿನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, ಒಂದು ಸೂಜಿಗೆ 25 ಮಿಲಿಲೀಟರ್ ಬರುತ್ತದೆ. ಇಷ್ಟು ನಿಧಾನದ ಹರಿವು ಸುಳಿಯಿಲ್ಲದೆ ಪದರ ಪದರವಾಗಿ ಸಾಗುತ್ತದೆ, ಮತ್ತು ಅಲ್ಲಿ ಹರಿವು ಒಳವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಒಂದು ಸೂಜಿಯ ಒಳವ್ಯಾಸ ಪಕ್ಕದ್ದಕ್ಕಿಂತ ನೂರಕ್ಕೆ ಐದು ಹೆಚ್ಚಿದ್ದರೆ ಹರಿವು ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಕತ್ತರಿಸಿದ ತುದಿಯಲ್ಲಿ ಉಳಿದ ಸಣ್ಣ ಮುಳ್ಳು ಕೂಡ ಸಾಕು ಏರುಪೇರಾಗಲು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 0.6 ಮಿಲಿಮೀಟರಿನ, 30 ಮಿಲಿಮೀಟರ್ ಉದ್ದದ ಸೂಜಿಯಲ್ಲಿ ಪೂರ್ಣ ಹರಿವಿಗೆ ಕುಸಿಯುವ ಒತ್ತಡ ಸುಮಾರು 0.05 ಬಾರ್ ಮಾತ್ರ. ನಿಮ್ಮ ಉಂಗುರದ ವ್ಯಾಸ 90 ಮಿಲಿಮೀಟರ್ ಆಸುಪಾಸು ಇರಬೇಕು. ಉಂಗುರ ನೆಟ್ಟಗೆ ನಿಂತಿರುವಾಗ ಮೇಲಿನ ಸೂಜಿಗೂ ಕೆಳಗಿನ ಸೂಜಿಗೂ ಸೀಮೆಎಣ್ಣೆಯ ತೂಕದಿಂದಲೇ 0.007 ಬಾರ್ ವ್ಯತ್ಯಾಸ ಬೀಳುತ್ತದೆ. ಪೂರ್ಣ ವೇಗದಲ್ಲಿ ಇದು ದೊಡ್ಡದಲ್ಲ. ಐಡಲ್ ವೇಗದಲ್ಲಿ, ಅಂದರೆ ಎಂಜಿನ್ ಹೊರೆಯಿಲ್ಲದೆ ನಿಧಾನವಾಗಿ ಓಡುವಾಗ, ಹರಿವು ಕಾಲು ಭಾಗಕ್ಕೆ ಇಳಿದರೆ ಸೂಜಿಯ ಕುಸಿತ 0.013ಕ್ಕೆ ಇಳಿಯುತ್ತದೆ, ತೂಕದ ವ್ಯತ್ಯಾಸವಾದರೋ ಹಾಗೆಯೇ ಉಳಿಯುತ್ತದೆ. ಅಂದರೆ ಕೆಳಗಿನ ಸೂಜಿಗಳು ಮೇಲಿನವುಗಳಿಗಿಂತ ಬಹಳ ಹೆಚ್ಚು ಇಂಧನ ಎಳೆಯುತ್ತವೆ. ಕೆಂಪಾದದ್ದು ಐದರ ಅಂಕೆಯ ಜಾಗ ಎಂದಿರಿ, ಅದು ಕೆಳಭಾಗವೇ. ಒಳವ್ಯಾಸವನ್ನು 0.4 ಮಿಲಿಮೀಟರಿಗೆ ಇಳಿಸಿದರೆ ಕುಸಿತ ಐದು ಪಟ್ಟಾಗಿ, ಪೂರ್ಣ ಹರಿವಿಗೆ 0.26 ಬಾರ್ ಮುಟ್ಟುತ್ತದೆ. ಆಗ ಐಡಲ್‌ನಲ್ಲಿಯೂ ತೂಕದ ಪ್ರಭಾವ ನೂರಕ್ಕೆ ಹತ್ತು ಹನ್ನೊಂದರ ಸುತ್ತ ನಿಲ್ಲುತ್ತದೆ. ಹರಿವನ್ನು ಸಮ ಮಾಡಬೇಕಾದರೆ ಪ್ರತಿ ಬಾಯಿಯಲ್ಲಿಯೂ ಬೇಕೆಂದೇ ತಡೆ ಇಡಬೇಕು. ತಡೆ ಹೆಚ್ಚಿದಷ್ಟೂ ಸೂಜಿ ಕಟ್ಟಿಕೊಳ್ಳುವ ಅಪಾಯವೂ ಹೆಚ್ಚುವುದರಿಂದ ಪಂಪಿನ ನಂತರ ಒಳ್ಳೆಯ ಫಿಲ್ಟರ್ ಇರಲೇಬೇಕು.

ಮೊದಲು ಎಂಜಿನ್ನಿನ ಹೊರಗೆ, ಉಂಗುರವನ್ನು ನೆಟ್ಟಗೆ ನಿಲ್ಲಿಸಿಯೇ, ಹನ್ನೆರಡು ಸೀಸೆ ಇಟ್ಟು ಹರಿವನ್ನು ಅಳೆಯಿರಿ. ಮಲಗಿಸಿ ಅಳೆದರೆ ಈ ದೋಷ ಕಾಣುವುದೇ ಇಲ್ಲ.

ಹಳೆಯ ಗಡಿಯಾರ ಕೆಲಸಗಾರ, ತುಮಕೂರು:

ಸೂಜಿಯ ತುದಿಯ ಮುಳ್ಳಿನ ವಿಷಯ ಓದಿ ಬರೆಯಬೇಕೆನಿಸಿತು. ನಾನು ನಮ್ಮೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಸಣ್ಣ ಭಾಗಗಳ ಮೇಲೆ ಕೆಲಸ ಮಾಡಿದವನು. ಇಷ್ಟು ಸಣ್ಣ ಕೊಳವೆಯನ್ನು ಇಕ್ಕಳದಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ, ಗ್ರೈಂಡರಿನಿಂದ ಕತ್ತರಿಸಿದರೆ ಮುಳ್ಳು ಒಳಕ್ಕೆ ಮಡಚಿಕೊಳ್ಳುತ್ತದೆ. ಕೊಳವೆಯೊಳಗೆ ಅದಕ್ಕೆ ಸರಿಯಾಗಿ ಕೂರುವ ಗಟ್ಟಿ ಉಕ್ಕಿನ ತಂತಿಯನ್ನು ತೂರಿಸಿ, ಹೊರಗಿನಿಂದ ತ್ರಿಕೋನ ಅರದಲ್ಲಿ ಸುತ್ತಲೂ ಗೆರೆ ಹಾಕಿ ಮುರಿಯಬೇಕು. ನಂತರ ತಂತಿ ಒಳಗಿರುವಾಗಲೇ ತುದಿಯನ್ನು ಎಣ್ಣೆಕಲ್ಲಿನ ಮೇಲೆ ನೆಟ್ಟಗೆ ಹಿಡಿದು, ಬೆರಳುಗಳ ನಡುವೆ ಉರುಳಿಸುತ್ತ ಉಜ್ಜಬೇಕು. ತಂತಿಯನ್ನು ಎಳೆದು ತೆಗೆದ ಮೇಲೆ ಭೂತಗನ್ನಡಿಯಲ್ಲಿ ಬಾಯಿ ನೋಡಿ; ಬೆಳಕಿಗೆ ಹಿಡಿದರೆ ಪೂರ್ತಿ ದುಂಡಗಿನ ಚುಕ್ಕಿ ಕಾಣಬೇಕು. ಬೆಸುಗೆ ಹಾಕುವಾಗಲೂ ತಂತಿಗೆ ಪೆನ್ಸಿಲಿನ ಸೀಸ ಹಚ್ಚಿ ಒಳಗೇ ಬಿಟ್ಟಿದ್ದರೆ ಕರಗಿದ ಬೆಳ್ಳಿ ಒಳಕ್ಕೆ ಹರಿಯುವುದಿಲ್ಲ.

ಅಂತರಸನಹಳ್ಳಿ ವರ್ಕ್‌ಶಾಪ್, ತುಮಕೂರು:

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ವಿದ್ಯಾರ್ಥಿಗಳೊಡನೆ ಇದೇ ಕೆಲಸದಲ್ಲಿದ್ದೆ. ಸಡಿಲಾಗಿದ್ದ ಆರು ಬೋಲ್ಟುಗಳನ್ನು ಗುಬ್ಬಿಯ ಸರ್ ಹೇಳಿದಂತೆ ಅಳೆದೆವು. ಆರೂ ಹೊಸ ಬೋಲ್ಟಿಗಿಂತ ಉದ್ದವಾಗಿದ್ದವು. ಅತಿ ಹೆಚ್ಚಿನದು 0.03 ಮಿಲಿಮೀಟರ್. ಬಿಗಿ ಉಳಿಸಿಕೊಂಡಿದ್ದ ನಾಲ್ಕರಲ್ಲಿ ಎರಡು ಕೂಡ ಸ್ವಲ್ಪ ಉದ್ದವಾಗಿವೆ.

ಬಿರುಕು ಬಿಟ್ಟ ಸೂಜಿಗೆ ಹೊಸ ಬೆಸುಗೆ ಹಾಕಿ, ಉಂಗುರವನ್ನು ವೈಸ್‌ಗೆ ನೆಟ್ಟಗೆ ಕಚ್ಚಿಸಿ, ಔಷಧಿ ಅಂಗಡಿಯಿಂದ ತಂದ ಹನ್ನೆರಡು ಸಣ್ಣ ಸೀಸೆಗಳನ್ನು ಸುತ್ತಲೂ ಕಟ್ಟಿದೆವು. ಐಡಲ್‌ಗೆ ಬೇಕಾದಷ್ಟೇ ಪಂಪು ಓಡಿಸಿ ನಾಲ್ಕು ನಿಮಿಷ ಹಿಡಿದಾಗ, ಮೇಲಿನ ಮೂರು ಸೀಸೆಗಳಲ್ಲಿ 17ರಿಂದ 19 ಮಿಲಿಲೀಟರ್, ಕೆಳಗಿನ ಮೂರರಲ್ಲಿ 29ರಿಂದ 32 ಬಂದಿತ್ತು. ಮೇಡಂ ಹೇಳಿದ ಲೆಕ್ಕ ಸೀಸೆಗಳಲ್ಲಿ ಸಾಲಾಗಿ ನಿಂತಿರುವುದನ್ನು ನೋಡಿ ವಿದ್ಯಾರ್ಥಿಗಳು ಬಹಳ ಹೊತ್ತು ಮಾತಾಡಲಿಲ್ಲ. ಎರಡರ ಅಂಕೆಯ ಜಾಗದ ಒಂದು ಸೂಜಿ ಮಾತ್ರ ಈ ಸಾಲಿಗೆ ಹೊಂದದೆ 11 ಮಿಲಿಲೀಟರ್ ಕೊಟ್ಟಿತು. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿಯ ಅರ್ಧಕ್ಕೆ ಅಡ್ಡವಾಗಿ ಮುಳ್ಳು ಇತ್ತು.

ಉಳಿದಿರುವುದು ಬೆಸುಗೆಯ ಬಿರುಕು. ಬೆಸುಗೆ ಹಾಕಿದವನು ನಾನೇ. ಕೆಲಸದಲ್ಲಿ ಕೊರತೆ ಇತ್ತೇ, ಅಥವಾ ಬೇರೆ ಕಾರಣವಿದೆಯೇ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ:

ನಿಮ್ಮ ಬೆಸುಗೆಯಲ್ಲಿ ಕೊರತೆ ಇದ್ದಂತೆ ಕಾಣುವುದಿಲ್ಲ. ಉಂಗುರವನ್ನು ದಹನಕೋಶಕ್ಕೆ ಬಿಗಿದು, ಅದರ ಕೊಳವೆಯನ್ನು ಹೊರಕವಚಕ್ಕೆ ನೇರವಾಗಿ ಬಿಗಿದಿದ್ದೇವೆ ಎಂದು ನೀವು ಮೊದಲ ಬರಹದಲ್ಲಿಯೇ ಹೇಳಿದ್ದೀರಿ. ನಾನು ವಿಮಾನಗಳ ಕೊಳವೆ ಜೋಡಣೆಯ ನಕ್ಷೆ ಮಾಡುವವನು; ಆ ಒಂದು ಸಾಲಿನಲ್ಲಿಯೇ ನನ್ನ ಕಣ್ಣು ನಿಂತಿತ್ತು. 120 ಮಿಲಿಮೀಟರ್ ಉದ್ದದ ದಹನಕೋಶ 600 ಡಿಗ್ರಿ ಕಾಯ್ದರೆ ಸುಮಾರು 1.3 ಮಿಲಿಮೀಟರ್ ಬೆಳೆಯುತ್ತದೆ. ತಣ್ಣಗಿರುವ ಹೊರಕವಚ ಬೆಳೆಯುವುದು 0.4 ಮಿಲಿಮೀಟರಿಗಿಂತ ಕಡಿಮೆ. ಮಿಕ್ಕ 0.9 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ನೇರ ಕೊಳವೆ ಬಾಗುವುದಿಲ್ಲ, ಎರಡು ಕಡೆಯೂ ಬಿಗಿ ಇದೆ, ಆದ್ದರಿಂದ ಎಲ್ಲಕ್ಕಿಂತ ದುರ್ಬಲವಾದ ಬೆಸುಗೆಯ ಬುಡ ಸೀಳಿತು. ಪ್ರತಿ ಓಟಕ್ಕೂ ಒಮ್ಮೆ ಎಳೆದು ಬಿಟ್ಟಂತಾಗಿ, ಮೂರನೆಯ ಸಲಕ್ಕೆ ತೆರೆದುಕೊಂಡಿದೆ. ಹಿಂದಿನ ಫ್ಲೇಂಜಿನಲ್ಲಿ ಬೋಲ್ಟನ್ನು ಹಿಗ್ಗಿಸಿದ್ದೂ ಇದೇ ಬೆಳವಣಿಗೆ. ನಿಮ್ಮ ಎರಡು ಪ್ರಶ್ನೆಗಳನ್ನು ನಾನು ಒಂದೇ ಪ್ರಶ್ನೆಯಾಗಿ ಓದುತ್ತಿರುವುದು ಇದರಿಂದ. ಎಂಜಿನ್ನಿನಲ್ಲಿ ಇಂಧನದ ಕೊಳವೆಯನ್ನು ಹಿಡಿಯುವವನು, ಬಿಸಿಯಾದಾಗ ಅದು ಯಾವ ಕಡೆಗೆ ಎಷ್ಟು ಸರಿಯುತ್ತದೆ ಎಂಬುದನ್ನು ಬಿಗಿಯುವ ಮೊದಲೇ ಕೇಳಿಕೊಳ್ಳಬೇಕು.

ಹಾಗೆಂದು ಪೂರ್ತಿ ಸಡಿಲ ಬಿಡುವಂತೆಯೂ ಇಲ್ಲ. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್‌ನ ಏರ್‌ಬಸ್ ಎ-330 ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಇಂಧನವೆಲ್ಲ ಸೋರಿ ಎರಡು ಎಂಜಿನ್‌ಗಳನ್ನೂ ಕಳೆದುಕೊಂಡಿತು. ಎಂಜಿನ್ ಬದಲಿಸುವಾಗ ಒಂದು ಮಾದರಿಯ ಹೈಡ್ರಾಲಿಕ್ ಪಂಪಿನ ಜೊತೆಗೆ ಇನ್ನೊಂದು ಮಾದರಿಯ ಇಂಧನ ಕೊಳವೆ ಸೇರಿ, ಅದಕ್ಕೂ ಪಕ್ಕದ ಹೈಡ್ರಾಲಿಕ್ ಕೊಳವೆಗೂ ನಡುವಿನ ಅಂತರ ಉಳಿದಿರಲಿಲ್ಲ. ನಡುಕದಲ್ಲಿ ಒಂದನ್ನೊಂದು ಉಜ್ಜಿ ಇಂಧನದ ಕೊಳವೆ ಒಡೆಯಿತು. ಇಂಧನವಿಲ್ಲದೆ ಸುಮಾರು 19 ನಿಮಿಷ ತೇಲಿ, ಅಜೋರ್ಸ್ ದ್ವೀಪದ ಲಾಜೆಸ್‌ನಲ್ಲಿ ಇಳಿದ ಆ ವಿಮಾನದಲ್ಲಿದ್ದ 306 ಮಂದಿಯೂ ಉಳಿದರು. 2007ರ ಆಗಸ್ಟ್ 20ರಂದು ಜಪಾನಿನ ನಾಹಾದಲ್ಲಿ ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 737 ಸುಟ್ಟುಹೋದದ್ದು ಎಂಜಿನ್ನಿನ ದೋಷದಿಂದಲ್ಲ. ರೆಕ್ಕೆಯ ಮುಂಚೂಣಿಯಲ್ಲಿ ಹೊರಕ್ಕೆ ಸರಿಯುವ ಪಟ್ಟಿಯಾದ ಸ್ಲ್ಯಾಟಿನ ಬೋಲ್ಟಿಗೆ ಒಂದು ವಾಷರ್ ಬಿಟ್ಟುಹೋಗಿತ್ತು, ಕಳಚಿ ಬಿದ್ದ ಬೋಲ್ಟು ಇಂಧನ ಟ್ಯಾಂಕನ್ನು ತೂತು ಮಾಡಿತು. ಅಲ್ಲಿಯೂ ಎಲ್ಲರೂ ಪಾರಾದರು.

ನಿಮ್ಮ ಎಂಜಿನ್ನಿಗೆ ಮಾಡಬೇಕಾದದ್ದು ಇಷ್ಟು. ಉಂಗುರದಿಂದ ಹೊರಬರುವ ಕೊಳವೆಗೆ ಮುಕ್ಕಾಲು ಸುತ್ತಿನ ಬಳೆಯಂಥ ಬಾಗು ಕೊಡಿ. ಆ ಬಾಗು ಒಂದು ಮಿಲಿಮೀಟರನ್ನು ಸುಲಭವಾಗಿ ನುಂಗುತ್ತದೆ. ಉಂಗುರದ ಎರಡು ಹಿಡಿಗಳಲ್ಲಿ ಒಂದನ್ನು ಮಾತ್ರ ಗಟ್ಟಿಯಾಗಿ ಬಿಗಿದು, ಇನ್ನೊಂದರ ರಂಧ್ರವನ್ನು ಉದ್ದನೆಯ ಸೀಳಾಗಿ ಮಾಡಿ, ಸರಿಯಲು ಬಿಡಿ.

ಗುಬ್ಬಿಯ ನಿವೃತ್ತ ಫಿಟ್ಟರ್:

ಚಿಕ್ಕಬಳ್ಳಾಪುರದವರು ಹೇಳಿದ್ದು ಸರಿ. ನಾಲ್ಕನೆಯ ಓಟಕ್ಕೆ ಮೊದಲು ರೋಟರಿನ, ಅಂದರೆ ಚಕ್ರಗಳೂ ಶಾಫ್ಟೂ ಸೇರಿ ತಿರುಗುವ ಭಾಗದ, ನಟ್ಟನ್ನೂ ನೋಡಿಬಿಡಿ. ಕಂಪ್ರೆಸರಿನ ಎದುರು ನಿಂತು ನೋಡಿದಾಗ ಶಾಫ್ಟು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವುದಾದರೆ ಆ ನಟ್ಟು ಎಡ ಥ್ರೆಡ್ಡಿನದಾಗಿರಬೇಕು, ಅಂದರೆ ಎಡಕ್ಕೆ ತಿರುಗಿಸಿದಾಗ ಬಿಗಿಯಾಗುವಂಥದು. ವೇಗ ಏರುವಾಗ ನಟ್ಟು ತನ್ನ ಜಡತ್ವದಿಂದ ಹಿಂದೆ ಉಳಿಯುತ್ತದೆ. ಎಡ ಥ್ರೆಡ್ಡಾದರೆ ಆ ಹಿಂದುಳಿಕೆ ಅದನ್ನು ಬಿಗಿಯುತ್ತದೆ, ಬಲ ಥ್ರೆಡ್ಡಾದರೆ ಬಿಚ್ಚುತ್ತದೆ. 66 ಮಿಲಿಮೀಟರ್ ಚಕ್ರ ನಿಮಿಷಕ್ಕೆ 1,15,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 400 ಮೀಟರ್ ಓಡುತ್ತಿರುತ್ತದೆ. ಓಡಿಸುವಾಗ ಚಕ್ರಗಳ ಸಮತಲದಲ್ಲಿ, ಅಂದರೆ ಎಂಜಿನ್ನಿನ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮಕ್ಕಳಿಗೆ ಇದನ್ನು ಕಟ್ಟುನಿಟ್ಟಾಗಿ ಹೇಳಿ. ಇಂಧನ ನಿಲ್ಲಿಸುವ ಸ್ವಿಚ್ಚು ಪಂಪಿನ ಹತ್ತಿರ ಬೇಡ, ನಿಂತವರ ಕೈಗೆ ಸಿಗುವ ಜಾಗದಲ್ಲಿರಲಿ.

ಅಂತರಸನಹಳ್ಳಿ ವರ್ಕ್‌ಶಾಪ್, ತುಮಕೂರು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹಿಂದಿನ ಫ್ಲೇಂಜಿಗೆ ಬೆಂಗಳೂರಿನಿಂದ ಎ-286 ಬೋಲ್ಟುಗಳನ್ನು ತರಿಸಿ, ನಿಕ್ಕಲ್ ಗ್ರೀಸ್ ಹಚ್ಚಿ, ಟಾರ್ಕ್ ಇಳಿಸಿ, ಎದುರು ಬದುರಾಗಿ ಮೂರು ಸುತ್ತಿನಲ್ಲಿ ಬಿಗಿದೆವು. ಸೂಜಿಗಳನ್ನು 0.4 ಮಿಲಿಮೀಟರಿಗೆ ಬದಲಿಸಿ, ಗಡಿಯಾರದ ಹಿರಿಯರು ಹೇಳಿದಂತೆ ಎಣ್ಣೆಕಲ್ಲಿನಲ್ಲಿ ಉಜ್ಜಿದ್ದಾಯಿತು. ಅವರೇ ಒಂದು ಸಂಜೆ ಬಂದು ಹನ್ನೆರಡನ್ನೂ ತಮ್ಮ ಭೂತಗನ್ನಡಿಯಲ್ಲಿ ನೋಡಿ ಎರಡನ್ನು ಮತ್ತೆ ಮಾಡಿಸಿದರು. ನೆಟ್ಟಗೆ ನಿಲ್ಲಿಸಿ ಅಳೆದಾಗ ಐಡಲ್‌ನಲ್ಲಿ ಎಲ್ಲ ಸೀಸೆಗಳೂ 23ರಿಂದ 26 ಮಿಲಿಲೀಟರಿನ ಒಳಗೆ ಬಂದವು. ರೋಟರಿನ ನಟ್ಟು ಎಡ ಥ್ರೆಡ್ಡಿನದೇ ಇತ್ತು.

ನಾಲ್ಕನೆಯ ಓಟ ಹದಿನೈದು ನಿಮಿಷ ನಡೆಯಿತು. ನಳಿಕೆಯ ಬಾಯಿಯಲ್ಲಿ ಎಲ್ಲಿಯೂ ಕೆಂಪು ಕಾಣಲಿಲ್ಲ. ತಣ್ಣಗಾದ ಮೇಲೆ ಹತ್ತು ಬೋಲ್ಟುಗಳಿಗೂ ರೆಂಚ್ ಹಚ್ಚಿ ನೋಡಿದೆ, ಒಂದೂ ಕದಲಲಿಲ್ಲ. ಉಂಗುರದ ಸರಿಯುವ ಹಿಡಿಯ ಕೆಳಗೆ, ಸ್ಕ್ರೂವಿನ ಪಕ್ಕದಲ್ಲಿ, ಲೋಹ ಉಜ್ಜಿ ಹೊಳೆಯುವ ಒಂದು ಸಣ್ಣ ಗೆರೆ ಬಿದ್ದಿದೆ. ವರ್ನಿಯರಿನಲ್ಲಿ ಅಳೆದರೆ ಅದರ ಉದ್ದ 0.8 ಮಿಲಿಮೀಟರ್.

ಗೌರಿಬಿದನೂರು ವಿದ್ಯಾರ್ಥಿನಿ:

ಸರ್, ನಮ್ಮ ತಂಡವೂ ಇದೇ ಅಳತೆಯ ಎಂಜಿನ್ ಪ್ರಾರಂಭಿಸಿದೆ. ಸೀಳಿನ ಅಳತೆ ಎಷ್ಟು ಕೊಟ್ಟಿರಿ, ಸ್ಕ್ರೂ ಬಿಗಿದ ಮೇಲೂ ಹಿಡಿ ಸರಿಯುವಂತೆ ಹೇಗೆ ಮಾಡಿದಿರಿ?

ಅಂತರಸನಹಳ್ಳಿ ವರ್ಕ್‌ಶಾಪ್, ತುಮಕೂರು:

ಸೀಳು 5.2 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದ. ಸ್ಕ್ರೂ ನಾಲ್ಕು ಮಿಲಿಮೀಟರಿನದು. ಸ್ಕ್ರೂವಿನ ಮೇಲೆ ಸೀಳಿನೊಳಗೆ ಕೂರುವಂತೆ 5 ಮಿಲಿಮೀಟರ್ ಹೊರವ್ಯಾಸದ ಸಣ್ಣ ತೋಳೊಂದನ್ನು, ಅಂದರೆ ಕೊಳವೆಯಂಥ ಬುಷ್ಷನ್ನು, ಲೇತಿನಲ್ಲಿ ತಿರುವಿ ಹಾಕಿದ್ದೇನೆ. ತೋಳಿನ ಎತ್ತರ ಹಿಡಿಯ ದಪ್ಪಕ್ಕಿಂತ 0.1 ಮಿಲಿಮೀಟರ್ ಹೆಚ್ಚು. ಮೇಲೆ ಅಗಲವಾದ ವಾಷರ್ ಇಟ್ಟು ನಟ್ಟನ್ನು ತೋಳಿನ ಮೇಲೆ ಪೂರ್ತಿ ಬಿಗಿಯಬಹುದು. ಹಿಡಿ ವಾಷರಿನ ಕೆಳಗೆ ಸರಿಯುತ್ತಿರುತ್ತದೆ. ಸೀಳಿನ ಉದ್ದ ದಹನಕೋಶದ ಉದ್ದದ ದಿಕ್ಕಿಗೇ ಇರಲಿ, ಮತ್ತು ತಣ್ಣಗಿರುವಾಗ ತೋಳು ಸೀಳಿನ ನಡುವೆ ಬರುವಂತೆ ಕೂರಿಸಿ.